ರಾಂಚಿಯ ಹಂಡಿಯಾ

1988ರಲ್ಲಿ ಬಡ್ತಿಯ ಜೊತೆಗೆ ವರ್ಗದ ಆದೇಶವೂ ಬಂದಾಗ ರಾಂಚಿ ಎಂದರೆ ನಮ್ಮ ಓಣಿಯಲ್ಲಿ ಗೊತ್ತಿದ್ದದ್ದು ಒಂದೇ: ಅಲ್ಲಿ ದೊಡ್ಡ ಹುಚ್ಚಾಸ್ಪತ್ರೆ ಇದೆ ಎಂಬುದು. "ಬಡ್ತಿ ಬ್ಯಾಡಂತ ಬರದುಕೊಟ್ಟರಾತು" ಎಂದು ಅವ್ವ ಹೇಳಿದಳು. ಬ್ಯಾಂಕಿನವರ ಬಾಳೇ ಹಾಗೆ. ಬಡ್ತಿ ಬೇಕೆಂದರೆ ಗಂಟುಮೂಟೆ ಕಟ್ಟಬೇಕು, ಬೇಡವೆಂದರೆ ಊರಲ್ಲೇ ಕೂತು ಕಿರಿಯರಿಗೆ ಸಲಾಂ ಹೊಡೆಯಬೇಕು. ಹಾವೇರಿ ಕಡೆಯ ನಾನು ಹೆಂಡತಿ, ಮೂರು ವರ್ಷದ ಮಗಳೊಂದಿಗೆ ಹೊರಟೆ. ಆಗ ಅದು ಬಿಹಾರ. ಜಾರ್ಖಂಡ್ ಎಂಬ ರಾಜ್ಯವಾದದ್ದು 2000ದ ನವೆಂಬರ್ 15ಕ್ಕೆ. ಶಾಖೆ ಇದ್ದದ್ದು ರಾಂಚಿಯಿಂದ ಲೋಹರದಗಾ ಕಡೆಗೆ ಹೋಗುವ ದಾರಿಯಲ್ಲಿ, ಒರಾಂವ್ ಆದಿವಾಸಿಗಳ ಸೀಮೆಯಲ್ಲಿ. ಪಕ್ಕದಲ್ಲೇ ನ್ಯಾರೋಗೇಜ್ ರೈಲು, ನಮ್ಮ ಎತ್ತಿನಗಾಡಿಗೆ ಪೈಪೋಟಿ ಕೊಡುವ ವೇಗದಲ್ಲಿ ಹೋಗುತ್ತಿತ್ತು.

ವಾರಕ್ಕೊಮ್ಮೆ ಸಂತೆ. ಸಂತೆಯ ಒಂದು ಬದಿಗೆ ಮರದ ನೆರಳಲ್ಲಿ ಹೆಂಗಸರು ಸಾಲಾಗಿ ಕೂತಿರುತ್ತಿದ್ದರು, ಮುಂದೆ ಮಡಕೆ ಅಥವಾ ಅಲ್ಯೂಮಿನಿಯಂ ಪಾತ್ರೆ, ಒಂದು ಬುಟ್ಟಿಯಲ್ಲಿ ಬೇಯಿಸಿದ ಕಡಲೆ. ಸಾಲದ ಎಲೆಯ ದೊನ್ನೆಯಲ್ಲಿ ಬೆಳ್ಳಗಿನ ದ್ರವ ಹಾಕಿಕೊಡುತ್ತಿದ್ದರು. ಮಜ್ಜಿಗೆ ಅಂದುಕೊಂಡೆ. ದೊನ್ನೆಗೆ ಅಲ್ಲಿಯೂ ದೋನಾ ಎಂದೇ ಅನ್ನುವುದನ್ನು ಕೇಳಿ ಖುಷಿಯೂ ಆಯಿತು. ನಮ್ಮ ಶಾಖೆಯ ಜವಾನ ನಕ್ಕು, "ಸಾಹೇಬರೆ, ಅದು ಹಂಡಿಯಾ" ಅಂದ. ಹಂಡಿ ಅಂದರೆ ಮಡಕೆ, ನಮ್ಮ ಹಂಡೆಯ ಸಂಬಂಧಿ. ಮಡಕೆಯಲ್ಲಿ ಆಗುವ ಅಕ್ಕಿಯ ಬಿಯರ್ ಅದು. ಮುಂಡಾರಿಗಳು ಇಲಿ ಎನ್ನುತ್ತಾರೆ, ಹೋ ಜನ ಡಿಯಂಗ್ ಎನ್ನುತ್ತಾರೆ.

ಇನ್ನು ನನ್ನ ಕಥೆ. 1989ರಲ್ಲಿ ಒಬ್ಬ ಒರಾಂವ್ ಹೆಂಗಸಿಗೆ ಶೇಕಡ 4 ಬಡ್ಡಿಯ ಡಿ.ಆರ್.ಐ. ಸಾಲ ಮಂಜೂರು ಮಾಡಿದೆ. 1972ರಿಂದ ಇದ್ದ ಯೋಜನೆ ಅದು, ತೀರಾ ಬಡವರಿಗೆಂದೇ ಮಾಡಿದ್ದು. ಉದ್ದೇಶದ ಕಾಲಮ್ಮಿನಲ್ಲಿ ಚಹಾ ಅಂಗಡಿ ಎಂದು ಬರೆದಿತ್ತು. ಒಟ್ಟು 1,500 ರೂಪಾಯಿ, ಮೊದಲ ಕಂತು 800. ಎರಡು ತಿಂಗಳ ಮೇಲೆ ತಪಾಸಣೆಗೆ ಸಂತೆಗೆ ಹೋದರೆ ಚಹಾದ ಕಿಟ್ಲಿಯೂ ಇಲ್ಲ, ಸ್ಟೋವೂ ಇಲ್ಲ. ಎರಡು ಹೊಸ ದೊಡ್ಡ ಮಡಕೆ, ಒಂದು ಚೀಲ ಅಕ್ಕಿ. ನನಗೆ ಸಿಟ್ಟು ಬಂತು. ಸಾರಾಯಿ ಮಾರುವವರಿಗೆ ಸಾಲ ಕೊಟ್ಟ ಮ್ಯಾನೇಜರ್ ಎಂದು ಇನ್‌ಸ್ಪೆಕ್ಷನ್ ವರದಿಯಲ್ಲಿ ಬಂದರೆ? ಎರಡನೆಯ ಕಂತು ತಡೆದೆ. ಕಡತದಲ್ಲಿ "ಸಾಲದ ಹಣ ದುರುಪಯೋಗ, ಮುಂದೆ ಸಾಲಕ್ಕೆ ಅರ್ಹರಲ್ಲ" ಎಂದು ಷರಾ ಬರೆದು ಸಹಿ ಮಾಡಿದೆ. ಆಕೆ ಏನೂ ವಾದ ಮಾಡಲಿಲ್ಲ.

ಜವಾನ ಮಾತ್ರ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೆಯ ದಿನ ಅಂದ: "ಸಾಹೇಬರೆ, ಹಂಡಿಯಾ ಸಾರಾಯಿ ಅಲ್ಲ. ನಮ್ಮಲ್ಲಿ ಮಗು ಹುಟ್ಟಿದರೆ ಹಂಡಿಯಾ, ಮದುವೆಗೆ ಹಂಡಿಯಾ, ಸತ್ತರೂ ಹಂಡಿಯಾ. ಹಿರಿಯರಿಗೆ ಎಡೆ ಇಡದೆ ನಾವು ಕುಡಿಯೋದಿಲ್ಲ." ಮುಂದಿನ ಚೈತ್ರದಲ್ಲಿ ಸರ್ಹುಲ್ ಹಬ್ಬಕ್ಕೆ ತನ್ನ ಊರಿಗೆ ಕರೆದುಕೊಂಡು ಹೋದ. ಕುಡುಖ್ ಭಾಷೆಯಲ್ಲಿ ಆ ಹಬ್ಬಕ್ಕೆ ಖದ್ದಿ ಎನ್ನುತ್ತಾರೆ. ಸಾಲದ ಮರ ಹೂ ಬಿಟ್ಟಾಗ ಮಾಡುವ ಹಬ್ಬ. ಪಾಹನ್ ಎಂಬ ಊರ ಪೂಜಾರಿ ಮೊದಲು ಹಂಡಿಯಾವನ್ನು ನೆಲಕ್ಕೆ ಹನಿಸಿದ. ಆಮೇಲೆ ಎಲ್ಲರಿಗೂ ದೊನ್ನೆ ಬಂತು. ನಾನು ತುಟಿಗೆ ತಾಗಿಸಿ ಕೆಳಗಿಟ್ಟೆ.

ಆ ಭಾಷೆಯ ಬಗ್ಗೆ ಒಂದು ಮಾತು. ಕುಡುಖ್ ನಮ್ಮ ಕನ್ನಡದ ಹಾಗೆಯೇ ದ್ರಾವಿಡ ಭಾಷೆ. ನೀನು ಎಂಬುದಕ್ಕೆ ನೀನ್. ಹಲ್ಲಿಗೆ ಪಲ್ಲ್. ಕಣ್ಣಿಗೆ ಖನ್. ನಾನು ಎಂಬುದಕ್ಕೆ ಏನ್! ಯಾರಾದರೂ "ಏನ್" ಎಂದು ಶುರು ಮಾಡಿದರೆ ನನ್ನನ್ನೇ ಏನೋ ಕೇಳುತ್ತಿದ್ದಾರೆ ಎಂದು ನಾನು ತಿರುಗಿ ನೋಡುತ್ತಿದ್ದೆ. ಗ್ರಿಯರ್ಸನ್ ಸಾಹೇಬರ ಭಾಷಾ ಸರ್ವೇಕ್ಷಣೆಯ 1906ರ ಸಂಪುಟದಲ್ಲಿ ಒರಾಂವರ ಹಿರಿಯರು ಹೇಳುತ್ತಿದ್ದ ಕಥೆ ದಾಖಲಾಗಿದೆ: ತಾವು ಮೂಲತಃ ಕರ್ನಾಟಕ ಸೀಮೆಯವರು, ನರ್ಮದೆಯ ಗುಂಟ ಮೇಲೆ ಬಂದು ಸೋನ್ ನದಿಯ ದಂಡೆಯಲ್ಲಿ ನೆಲೆಸಿ, ಅಲ್ಲಿಂದ ಛೋಟಾನಾಗಪುರಕ್ಕೆ ಬಂದವರು ಎಂದು. ಇದನ್ನು ಇತಿಹಾಸ ಎನ್ನಲಾಗದು, ಐತಿಹ್ಯ ಅಷ್ಟೆ. ಆದರೆ ಊರು ಬಿಟ್ಟು ಎರಡು ಸಾವಿರ ಕಿಲೋಮೀಟರ್ ದೂರ ಬಂದ ಗುಮಾಸ್ತನಿಗೆ ಅದನ್ನು ಓದಿದಾಗ ಏನಾಗುತ್ತದೆ ಎಂದು ಊರಲ್ಲೇ ಇರುವವರಿಗೆ ವಿವರಿಸುವುದು ಕಷ್ಟ.

ಹಂಡಿಯಾದ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಕಂಪನಿಯ ಕಾಲದಲ್ಲೇ. ಮನೆಯ ಒಳಗೆ, ಮನೆಯ ಅಕ್ಕಿಯಲ್ಲಿ ಮಾಡಿಕೊಳ್ಳುವ ಪದಾರ್ಥಕ್ಕೂ ತೆರಿಗೆ ಹಾಕಿದರು. 1831-32ರ ಕೋಲ್ ದಂಗೆಗೆ ಮುಖ್ಯ ಕಾರಣ ಭೂಮಿ ಹೊರಗಿನ ಠೇಕೆದಾರರ ಪಾಲಾದದ್ದು. ಅದರ ಜೊತೆಗಿದ್ದ ಸಿಟ್ಟುಗಳಲ್ಲಿ ಈ ತೆರಿಗೆಯೂ ಒಂದು. ಮುಂದೆ ಭಟ್ಟಿಯ ಹಕ್ಕನ್ನು ಹರಾಜು ಹಾಕುವ ಪದ್ಧತಿ ಬಂತು. ಹಿಪ್ಪೆ ಹೂವಿನ, ಅವರ ಭಾಷೆಯಲ್ಲಿ ಮಹುವಾದ ಸಾರಾಯಿ ಅಂಗಡಿಗಳು ಹಳ್ಳಿಹಳ್ಳಿಗೆ ಹೋದವು. ಸಾಲ ಕೊಡುವವನೂ ಸಾರಾಯಿ ಮಾರುವವನೂ ಒಬ್ಬನೇ ಆದ ಕಡೆ ಹೊಲ ಉಳಿಯುವುದುಂಟೆ? ಬ್ಯಾಂಕಿನವನಾದ್ದರಿಂದ ನನಗೆ ಈ ಲೆಕ್ಕ ಬೇಗ ತಿಳಿಯಿತು.

1909ರ ಬಂಗಾಳದ ಅಬಕಾರಿ ಕಾಯ್ದೆ, ಆಮೇಲೆ 1915ರ ಬಿಹಾರ-ಒರಿಸ್ಸಾ ಕಾಯ್ದೆ, ಇವುಗಳಲ್ಲಿ ಹಂಡಿಯಾಕ್ಕೆ ಪಚ್ವಾಯ್ ಎಂಬ ಹೆಸರಿದೆ. ಹುಳಿಬಂದ ಅಕ್ಕಿ, ಸಿರಿಧಾನ್ಯ ಅಥವಾ ಬೇರೆ ಧಾನ್ಯ, ಅದರಿಂದ ಬರುವ ದ್ರವ, ಆದರೆ ಇದರಲ್ಲಿ ಬಿಯರ್ ಸೇರುವುದಿಲ್ಲ ಎಂದು ವ್ಯಾಖ್ಯೆ. ಸಾಹೇಬರು ಕುಡಿಯುವುದು ಬಿಯರ್, ಒರಾಂವ್ ಕುಡಿಯುವುದು ಪಚ್ವಾಯ್! ಎರಡೂ ಧಾನ್ಯದ್ದೇ. ಅಂದಹಾಗೆ ಅದೇ 1915ರಲ್ಲಿ ನಮ್ಮ ದಕ್ಷಿಣದ ಐದು ಬ್ರೂವರಿಗಳನ್ನು ಸೇರಿಸಿ ಥಾಮಸ್ ಲೀಶ್‌ಮನ್ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು. ಆದಿವಾಸಿಗಳು ತಮ್ಮ ಮನೆಬಳಕೆಗೆ ಮಾಡಿಕೊಳ್ಳುವ ಪಚ್ವಾಯ್‌ಗೆ ವಿನಾಯಿತಿ ಇತ್ತು. ಮಾರುವುದು ಬೇರೆ ಮಾತು. ನನ್ನಂಥವನು ಮಾಡುವುದಂತೂ ಇನ್ನೂ ಬೇರೆ ಮಾತು, ಅದು ನನಗೆ ಹೊಳೆದದ್ದು ಮಾಡಿದ ಮೇಲೆ.

ಹೌದು, ಮಾಡಿದೆ. ಕುಡಿಯುವ ಆಸೆಗಲ್ಲ. ಷರಾ ಬರೆದ ಕೈ ಸುಮ್ಮನಿರಲಿಲ್ಲ, ಇದು ಏನು ಎಂದು ನೋಡಬೇಕೆನಿಸಿತು. ಜವಾನನ ಹೆಂಡತಿ ಮೂರು ರಾನು ಗುಳಿಗೆ ಕೊಟ್ಟಳು. ಬಿಳಿಯ ಒಣ ಉಂಡೆ, ನಮ್ಮ ಸಂಡಿಗೆಯಂತೆ. ಅಕ್ಕಿಹಿಟ್ಟಿಗೆ ಕಾಡಿನ ಬೇರುಗಳ ಪುಡಿ ಕಲಸಿ, ಉಂಡೆ ಕಟ್ಟಿ, ಹುಲ್ಲಿನಲ್ಲಿ ಮುಚ್ಚಿಟ್ಟು ಒಣಗಿಸಿದ್ದು. ಯಾವ ಬೇರು ಎಂದು ಕೇಳಿದರೆ ನಕ್ಕಳೇ ಹೊರತು ಹೇಳಲಿಲ್ಲ.

ಬಿಯರಿನ ಗುಟ್ಟೆಲ್ಲ ಇಲ್ಲಿದೆ. ಧಾನ್ಯದಲ್ಲಿರುವುದು ಪಿಷ್ಟ. ಯೀಸ್ಟಿಗೆ ಬೇಕಾದದ್ದು ಸಕ್ಕರೆ. ಯುರೋಪಿನವರು ಬಾರ್ಲಿಯನ್ನು ಮೊಳಕೆ ಬರಿಸುತ್ತಾರೆ, ಮೊಳಕೆಯೊಳಗಿನ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತದೆ, ಆಮೇಲೆ ಬೇರೆಯಾಗಿ ಯೀಸ್ಟ್ ಹಾಕುತ್ತಾರೆ. ಹಂಡಿಯಾದಲ್ಲಿ ಮೊಳಕೆ ಇಲ್ಲ. ರಾನುವಿನಲ್ಲಿರುವ ಬೂಷ್ಟು ಪಿಷ್ಟವನ್ನು ಸಿಹಿ ಮಾಡುತ್ತದೆ, ಅದರಲ್ಲೇ ಇರುವ ಯೀಸ್ಟ್ ಆ ಸಿಹಿಯನ್ನು ಮದ್ಯ ಮಾಡುತ್ತದೆ. ಎರಡೂ ಒಂದೇ ಮಡಕೆಯಲ್ಲಿ, ಒಟ್ಟಿಗೆ. ಜಪಾನಿನವರು ಸಾಕೆಗೆ ಕೋಜಿ ಎಂಬ ಬೂಷ್ಟು ಬಳಸುವುದೂ ಇದೇ ದಾರಿ.

ಮೊದಲ ಸಲ ಒಂದು ಕಿಲೋ ಕುಸುಬಲಕ್ಕಿ ಅನ್ನ ಮಾಡಿ, ಬಿಸಿಯಿರುವಾಗಲೇ ಗುಳಿಗೆ ಪುಡಿ ಮಾಡಿ ಕಲಸಿದೆ. ಯೀಸ್ಟ್ ಜೀವ ಇರುವಂಥದ್ದು, ಬೆಂದುಹೋಯಿತು. ನಾಲ್ಕನೆಯ ದಿನ ಮಡಕೆ ತೆಗೆದರೆ ಹಳಸಿದ ಅನ್ನ. ಅಡುಗೆಮನೆಯಿಂದ ಇವಳ ದನಿ: "ಏನ್ರೀ ಇದು, ಮನಿತುಂಬ ಎಂಥಾ ವಾಸನಿ? ಹೊರಗ ಒಗೀರಿ ಮದಲ!" ಒಗೆದೆ. ಎರಡನೆಯ ಸಲ ಜವಾನನ ಹೆಂಡತಿಯೇ ಬಂದು ನಿಂತು ಹೇಳಿಕೊಟ್ಟಳು. ಅನ್ನವನ್ನು ಚಾಪೆಯ ಮೇಲೆ ಹರವಿದಳು, ಅಂಗೈ ಹಿಂಬದಿ ತಾಗಿಸಿ ನೋಡಿದಳು. ಪೂರ್ತಿ ಆರಿದ ಮೇಲೆ ಪುಡಿ ಉದುರಿಸಿ ಹಗುರವಾಗಿ ಕಲಸಿದಳು. ಮಡಕೆಯನ್ನು ಮೊದಲು ಹೊಗೆಗೆ ಹಿಡಿದು ಒಣಗಿಸಿ, ಅನ್ನ ತುಂಬಿ, ಎಲೆ ಮುಚ್ಚಿ ಕಟ್ಟಿದಳು. ಬಿಗಿಯಾಗಿ ಅಲ್ಲ, ಗಾಳಿ ಹೊರಗೆ ಹೋಗಬೇಕು. ಬೇಸಿಗೆಯಲ್ಲಿ ಎರಡು-ಮೂರು ದಿನ, ಚಳಿಗಾಲದಲ್ಲಿ ನಾಲ್ಕೈದು. ಹಣ್ಣಿನಂಥ ಸಿಹಿ ವಾಸನೆ ಬಂದಾಗ ನೀರು ಬೆರೆಸಿ ಸೋಸಬೇಕು. ಒಂದೆರಡು ದಿನ ತಡವಾದರೆ ಹುಳಿ ತಿರುಗುತ್ತದೆ. ಇವಳು ಬಾಗಿಲಲ್ಲಿ ನಿಂತು ಎಲ್ಲ ನೋಡಿ, "ಇದು ನಮ್ಮ ದೋಸೆ ಹಿಟ್ಟು, ಅಂಬಲಿ ಹುಳಿ ಬರಿಸಿದಂಗನ ಐತಿ" ಅಂದಳು. ಆ ಇಬ್ಬರು ಹೆಂಗಸರಿಗೆ ಒಬ್ಬರ ಭಾಷೆ ಒಬ್ಬರಿಗೆ ಬಾರದು, ಹದದ ವಿಷಯ ಮಾತ್ರ ಕೈಸನ್ನೆಯಲ್ಲೇ ಅರ್ಧ ಗಂಟೆ ಮಾತಾಡಿದರು. ಈ ಸಲದ್ದು ಸರಿಯಾಯಿತು. ಒಂದು ದೊನ್ನೆ ಕುಡಿದೆ. ಹುಳಿ-ಸಿಹಿ, ನಾಲಗೆಗೆ ಸ್ವಲ್ಪ ಚುರುಕು. ಉಳಿದದ್ದು ಜವಾನನ ಮನೆಗೆ ಹೋಯಿತು.

ಹಾಗೆಂದು ಹಂಡಿಯಾವನ್ನು ಹೊಗಳಲು ಕೂತಿಲ್ಲ. ಸಂಬಳದ ದಿನ ಅದೇ ಮರದ ಕೆಳಗೆ ಬಿದ್ದಿರುತ್ತಿದ್ದ ಗಂಡಸರನ್ನು ನೋಡಿದ್ದೇನೆ. ಆ ಜನರೊಳಗಿಂದಲೇ ಇದಕ್ಕೆ ವಿರೋಧ ಎದ್ದದ್ದೂ ಇದೆ. 1900ರ ಜೂನ್ 9ರಂದು ರಾಂಚಿ ಜೈಲಿನಲ್ಲಿ ತೀರಿಕೊಂಡ ಬಿರ್ಸಾ ಮುಂಡಾ ತನ್ನವರಿಗೆ ಕುಡಿತ ಬಿಡಿ ಎಂದ. 1914ರಲ್ಲಿ ಜತ್ರಾ ಒರಾಂವ್ ಎಂಬ ತರುಣ ಶುರು ಮಾಡಿದ ತಾನಾ ಭಗತ್ ಪಂಥದವರು ಮಾಂಸ, ಮದ್ಯ ಎರಡನ್ನೂ ಬಿಟ್ಟರು. ಬಿಟ್ಟಿ ಚಾಕರಿಗೆ ಬರುವುದಿಲ್ಲ ಎಂದರು, ಮುಂದೆ ಗಾಂಧೀಜಿಯ ಅಸಹಕಾರಕ್ಕೂ ಸೇರಿದರು. ನಮ್ಮ ಶಾಖೆಗೂ ಬಿಳಿ ಟೋಪಿಯ ಒಬ್ಬ ತಾನಾ ಭಗತ್ ಮುದುಕ ಬರುತ್ತಿದ್ದ. ಸಂತೆಯ ಆ ಬದಿಯಲ್ಲಿ ಹಾಯುವಾಗ ಮುಖ ತಿರುಗಿಸಿ ನಡೆಯುತ್ತಿದ್ದ. ಅವನೂ ಒರಾಂವ್, ಮಡಕೆ ಮುಂದೆ ಕೂತವಳೂ ಒರಾಂವ್. ಇಬ್ಬರಲ್ಲಿ ಯಾರು ಸರಿ ಎಂದು ಹೇಳಲು ಹಾವೇರಿಯಿಂದ ಬಂದ ನಾನು ಯಾರು?

ಈಗ ಜಾರ್ಖಂಡ್ ಸರ್ಕಾರ 2020ರಲ್ಲಿ ಫೂಲೋ-ಝಾನೋ ಎಂಬ ಯೋಜನೆ ತಂದಿತು. 1855ರ ಸಂತಾಲ ಬಂಡಾಯದ ಸಿದೋ-ಕಾನ್ಹೂ ಅವರ ತಂಗಿಯರ ಹೆಸರು ಅದು. ಹಂಡಿಯಾ ಮಾರುವ ಹೆಂಗಸರು ಬೇರೆ ಕಸುಬು ಹಿಡಿಯಲೆಂದು ಬಡ್ಡಿಯಿಲ್ಲದ 10,000 ರೂಪಾಯಿ ಸಾಲ. ಪತ್ರಿಕೆಯಲ್ಲಿ ಓದಿದಾಗ ನನಗೆ ಆ 700 ರೂಪಾಯಿಯ ನೆನಪಾಯಿತು.

ಯಾಕೆಂದರೆ ಆಕೆ ಸಾಲ ತೀರಿಸಿದಳು. ಅದೇ ವರ್ಷ ಸಬ್ಸಿಡಿ ಸಮೇತ ಎತ್ತು ಕೊಂಡ ಎಷ್ಟೋ ಗಂಡಸರ ಖಾತೆ ಬಾಕಿಯ ಪಟ್ಟಿಗೆ ಸೇರಿತ್ತು. ಇವಳು ಸಂತೆಯ ಮರುದಿನ ಬಂದು 10, 15 ರೂಪಾಯಿ ಕಟ್ಟಿ ಹೋಗುತ್ತಿದ್ದಳು. ನಾಲ್ಕಾಣೆ ಎಂಟಾಣೆ ಚಿಲ್ಲರೆ, ಕ್ಯಾಷಿಯರ್ ಗೊಣಗುತ್ತಿದ್ದ. ಸೆರಗಿನ ಗಂಟು ಬಿಚ್ಚಿದರೆ ಹುಳಿ ಅಕ್ಕಿಯ ವಾಸನೆ. 1991ರಲ್ಲಿ ನನಗೆ ಬೆಳಗಾವಿಗೆ ವರ್ಗವಾದ ವಾರವೇ ಕೊನೆಯ ಕಂತು ಕಟ್ಟಿದಳು. "ಇನ್ನೊಂದು ಸಾಲ ಸಿಗುತ್ತಾ? ಈ ಸಲ ನಿಜವಾಗಿ ಚಹಾದ್ದೇ" ಎಂದು ಕೇಳಿದಳು. ಹೊಸ ಮ್ಯಾನೇಜರ್ ಬರುತ್ತಾರೆ, ಅವರನ್ನು ಕೇಳು ಎಂದೆ. ಹೊಸಬರು ಮೊದಲು ನೋಡುವುದು ಹಳೆಯ ಕಡತ, ಅದು ನನಗೆ ಗೊತ್ತಿತ್ತು. ಷರಾದ ಕೆಳಗೆ ಪೂರ್ತಿ ತೀರಿಸಿದ್ದಾರೆ, ಸಾಲ ಕೊಡಬಹುದು ಎಂದು ಒಂದು ಸಾಲು ಬರೆಯಲು ಎರಡು ನಿಮಿಷ ಸಾಕಿತ್ತು. ಚಾರ್ಜು ಕೊಡುವ ಗಡಿಬಿಡಿ, ಸಾಮಾನು ಕಟ್ಟುವ ಗಡಿಬಿಡಿ. ಬರೆಯಲಿಲ್ಲ.