ಅಫೀಮಿನ ವಿಚಾರಣೆಗೆ ತಡವಾಗಿ ಬಂದ ಸಾಕ್ಷ್ಯ

ಹಬ್ಬದ ದಿನ ಗಸಗಸೆಯ ಪಾಯಸವನ್ನುಂಡು ಮಧ್ಯಾಹ್ನ ಸುಖನಿದ್ರೆ ಮಾಡದವರು ನಮ್ಮ ಕರಾವಳಿಯಲ್ಲಿ ವಿರಳ. ಅದೇ ಗಿಡದ ಎಳೆಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮಾಗುತ್ತದೆ. ಬೀಜವು ಅಡುಗೆಮನೆಗೆ ಸಂದಿತು. ಹಾಲು ಸಾಮ್ರಾಜ್ಯದ ಬೊಕ್ಕಸಕ್ಕೆ ಸಂದಿತು.

ಈ ಸರಕು ನಮ್ಮ ತೀರಕ್ಕೆ ಹೊಸದಲ್ಲ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಪೋರ್ಚುಗೀಸನಾದ ಬಾರ್ಬೋಸನು ಶಿರಿಯಕ್ಕೆ ಸಮೀಪದ ಕುಂಬಳೆಯಿಂದ ಮಾಲ್ದೀವಿಗೆ ಹೋಗುತ್ತಿದ್ದ ಅಕ್ಕಿಯ ಸಂಗತಿಯನ್ನು ಬರೆದಂತೆಯೇ, ಏಡನ್ನಿನಿಂದಲೂ ಖಂಬಾತಿನಿಂದಲೂ ಕಲ್ಲಿಕೋಟೆಗೆ ಬರುತ್ತಿದ್ದ ಅಫೀಮಿನ ಧಾರಣೆಯನ್ನೂ ಬರೆದಿಟ್ಟಿದ್ದಾನೆ. ಅಹಿಫೇನವೆಂಬ ಹೆಸರಿನಿಂದ ಅದು ಅದಕ್ಕೂ ಮೊದಲೇ ಆಯುರ್ವೇದದ ಗ್ರಂಥಗಳನ್ನು ಸೇರಿತ್ತು. ನೋವಿಗೂ ಅತಿಸಾರಕ್ಕೂ ಅದು ಮದ್ದೆಂಬುದರಲ್ಲಿ ಸಂಶಯವಿಲ್ಲ.

ಅಫೀಮನ್ನು ಚೀನಕ್ಕೆ ಸಾಗಿಸಿ ಹಣ ಗಳಿಸಿದ, ಅದಕ್ಕಾಗಿ 1839ರಲ್ಲಿ ಯುದ್ಧಕ್ಕೂ ಇಳಿದ ಬ್ರಿಟಿಷರ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿದೆ, ಇಲ್ಲಿ ವಿಸ್ತರಿಸಬೇಕಾಗಿಲ್ಲ. ನಮಗೆ ಬೇಕಾದುದು 1893ರಲ್ಲಿ ಲಾರ್ಡ್ ಬ್ರಾಸಿಯ ಅಧ್ಯಕ್ಷತೆಯಲ್ಲಿ ನೇಮಕವಾದ ರಾಯಲ್ ಕಮಿಷನ್ನು. ಇಂಗ್ಲೆಂಡಿನ ಅಫೀಮು ವಿರೋಧಿಗಳ ಒತ್ತಾಯಕ್ಕೆ ಮಣಿದು ಹುಟ್ಟಿದ ಈ ಆಯೋಗದಲ್ಲಿ ದರ್ಭಂಗದ ಮಹಾರಾಜರೂ ಹರಿದಾಸ ವಿಹಾರಿದಾಸ ದೇಸಾಯಿಯವರೂ ಭಾರತೀಯ ಸದಸ್ಯರು. ನೂರಾರು ಸಾಕ್ಷಿಗಳ ಹೇಳಿಕೆಗಳು ಸಂಪುಟಗಳನ್ನೇ ತುಂಬಿದವು. ಮಿತವಾಗಿ ತಿಂದರೆ ಅಫೀಮು ದೇಹಕ್ಕೆ ಹೇಳಿಕೊಳ್ಳುವಂಥ ಹಾನಿಯನ್ನು ಮಾಡದೆಂದೂ, ಮಲೇರಿಯದಿಂದ ಕಾಪಾಡುವುದೆಂದೂ ಅನೇಕ ವೈದ್ಯರು ನುಡಿದರು. ಹೆನ್ರಿ ವಿಲ್ಸನ್ ಎಂಬ ಸದಸ್ಯನು ಭಿನ್ನಮತವನ್ನು ಬರೆದನಾದರೂ, 1895ರ ವರದಿಯು ಸರಕಾರದ ಪಕ್ಷಕ್ಕೇ ವಾಲಿತು.

ಸಾಕ್ಷಿಗಳೆಲ್ಲರೂ ಸುಳ್ಳು ನುಡಿದರೆನ್ನುವುದು ನ್ಯಾಯವಲ್ಲ. ಕಣ್ಣಿಗೆ ಕಂಡುದನ್ನು ಅವರು ಹೇಳಿದರು; ರಕ್ತನಾಳದೊಳಗೆ ಇಣುಕುವ ಕಣ್ಣು ಆಗ ಯಾರಿಗಿತ್ತು? ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡವನ್ನು ಅಳೆಯುವ ಸಾಧನವನ್ನು ಇಟಲಿಯ ರೀವಾ-ರೋಚ್ಚಿ ಪ್ರಕಟಿಸಿದುದು 1896ರಲ್ಲಿ, ಅಂದರೆ ವರದಿಯ ಮರುವರ್ಷ. ಬದುಕಿರುವವನ ಮಿದುಳಿನಲ್ಲಿ ಸುರಿದ ರಕ್ತವನ್ನು ತೋರಿಸುವ ಸಿ.ಟಿ. ಯಂತ್ರವು ಲಂಡನ್ನಿನಲ್ಲಿ ಮೊದಲ ರೋಗಿಯನ್ನು ಕಂಡುದು 1971ರಲ್ಲಿ. ಅದುವರೆಗೆ ಅಫೀಮು ತಿನ್ನುವವನೊಬ್ಬನು ಹಠಾತ್ತನೆ ಕುಸಿದು ಬಿದ್ದರೆ ಜನರು ಲಕ್ವ ಹೊಡೆಯಿತೆಂದರು, ಇಲ್ಲವೆ ವಿಧಿಯೆಂದರು.

ಇಷ್ಟರಲ್ಲಿ ಅಫೀಮೇ ರೂಪ ಬದಲಿಸಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದರಿಂದ ಮಾರ್ಫೀನು ಬೇರ್ಪಟ್ಟಿತು. 1853ರ ಸುಮಾರಿಗೆ ಚುಚ್ಚುಮದ್ದಿನ ಸೂಜಿ ಬಂದಿತು. 1898ರಲ್ಲಿ ಹೆರಾಯಿನು ಕೆಮ್ಮಿನ ಔಷಧವೆಂದು ಮಾರಾಟಕ್ಕೆ ಬಂದಿತು! ಮಿದುಳಿನ ರಕ್ತಸ್ರಾವಕ್ಕೆ ಹತ್ತಿರದ ದಾರಿಯನ್ನು ತೆರೆದುದು ಸೂಜಿಯೇ. ಶುದ್ಧವಲ್ಲದ ಸೂಜಿಯೊಡನೆ ರೋಗಾಣುಗಳು ರಕ್ತವನ್ನು ಹೊಕ್ಕು ಹೃದಯದ ಕವಾಟದಲ್ಲಿ ಗೂಡು ಕಟ್ಟುತ್ತವೆ. ಅಲ್ಲಿಂದ ಕಳಚಿದ ತುಣುಕು ಮಿದುಳಿನ ನಾಳದಲ್ಲಿ ಸಿಕ್ಕಿಕೊಂಡರೆ ನಾಳದ ಗೋಡೆ ಕೊಳೆತು, ಸವೆದ ಸೈಕಲ್ ಟ್ಯೂಬಿನಂತೆ ಉಬ್ಬಿ ಒಡೆಯುತ್ತದೆ. ಒಂದೇ ಸೂಜಿಯನ್ನು ಹಲವರು ಬಳಸುವುದರಿಂದ ಹರಡುವ ಕಾಮಾಲೆಯ ವೈರಸ್ಸುಗಳು ಯಕೃತ್ತನ್ನು ಕೆಡಿಸಿದರಂತೂ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕುಂದುತ್ತದೆ. ವ್ಯಸನಿಗೆ ಮದ್ದು ಹಠಾತ್ತನೆ ತಪ್ಪಿದಾಗ ರಕ್ತದೊತ್ತಡ ಏರುವುದೂ ಉಂಟು.

ಹಾಗಾದರೆ ಸೂಜಿಯಿಲ್ಲದೆ ತಿನ್ನುವ, ಸೇದುವ ಅಫೀಮು ನಿರಪಾಯವೇ? ಆಯೋಗದ ಮುಂದಿದ್ದ ಪ್ರಶ್ನೆ ಇದೇ. ಇದಕ್ಕೆ ಉತ್ತರ ದೊರೆತುದು ಇರಾನಿನ ಗೋಲೆಸ್ತಾನ್ ಪ್ರಾಂತದಲ್ಲಿ. ಅಲ್ಲಿ 2004ರಿಂದ 2008ರವರೆಗೆ ಸುಮಾರು 50,000 ವಯಸ್ಕರ ಹೆಸರು ಬರೆದುಕೊಂಡು, ವರ್ಷವರ್ಷವೂ ಅವರ ಯೋಗಕ್ಷೇಮವನ್ನು ವಿಚಾರಿಸುತ್ತ ಬಂದರು. ಅಫೀಮು ಹೃದಯಕ್ಕೆ ಹಿತವೆಂಬ ನಂಬಿಕೆ ಆ ಸೀಮೆಯಲ್ಲೂ ಇತ್ತು. 2012ರಲ್ಲಿ ಪ್ರಕಟವಾದ ಲೆಕ್ಕವು ಬೇರೆಯೇ ಆಗಿತ್ತು: ಸೇವಿಸದವರಿಗಿಂತ ಸೇವಿಸುವವರಲ್ಲಿ ಮರಣ ಹೆಚ್ಚು, ಹೃದಯ ಮತ್ತು ರಕ್ತನಾಳಗಳ ರೋಗದಿಂದಾದ ಮರಣವೂ ಹೆಚ್ಚು. ಕಾಯಿಲೆ ಬಂದ ಮೇಲೆ ನೋವಿಗಾಗಿ ತಿನ್ನತೊಡಗಿದವರನ್ನು ಬಿಟ್ಟು ಎಣಿಸಿದರೂ ಫಲ ಬದಲಾಗಲಿಲ್ಲ. ಮಾತುಗಳನ್ನು ಸಂಗ್ರಹಿಸಿದ ಆಯೋಗಕ್ಕೂ ಮರಣಗಳನ್ನು ಎಣಿಸಿದ ಈ ವಿದ್ವಾಂಸರಿಗೂ ಇರುವ ಅಂತರವನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು.

ಭಾರತದಲ್ಲಿ 1985ರ ಮಾದಕದ್ರವ್ಯ ಕಾಯಿದೆಯು ಬಲು ಬಿಗಿಯಾಗಿತ್ತು. ನೋವಿನ ಗುಳಿಗೆಯಾದ ಟ್ರಮಡಾಲೂ 2018ರಲ್ಲಿ ಅದರ ವ್ಯಾಪ್ತಿಗೆ ಬಂದಿತು. ಬಿಗಿಯ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಅರ್ಬುದ ರೋಗಿಗಳಿಗೂ ಮಾರ್ಫೀನು ದೊರೆಯದ ಕಾಲವೊಂದಿತ್ತು. ಬಾರ್ಬೋಸನು ಅಫೀಮಿನ ಧಾರಣೆಯನ್ನು ಬರೆದಿಟ್ಟ ಅದೇ ಕಲ್ಲಿಕೋಟೆಯಲ್ಲಿ 1993ರಲ್ಲಿ ಉಪಶಮನ ಚಿಕಿತ್ಸಾಲಯ ಆರಂಭವಾಗಿ, ವೈದ್ಯರ ಕಣ್ಣಳತೆಯಲ್ಲಿ ಅಳೆದು ಕೊಟ್ಟ ಮಾರ್ಫೀನು ರೋಗಿಗಳ ಮನೆಗೆ ತಲುಪತೊಡಗಿತು. 2014ರಲ್ಲಿ ಕಾಯಿದೆಯೂ ಅದಕ್ಕಾಗಿ ಸಡಿಲಿತು.