ಟುವಾ ಸೀಮೆಯ ಕಂಠನಾದವೂ ಅಮೆರಿಕದ ಬ್ಲೂಸ್ ಗಾನವೂ

ಎರಡು ಅಲಂಕಾರಗಳು ಒಂದೆಡೆ ಕೂಡಿದಾಗ ಆ ಕೂಟವು ಎರಡು ಬಗೆಯಾಗಿರುವುದೆಂದು ನಮ್ಮ ಆಲಂಕಾರಿಕರು ಹೇಳಿರುವರು. ಎಳ್ಳೂ ಅಕ್ಕಿಯೂ ಬೆರೆತಂತೆ ಎರಡೂ ಬೇರೆಬೇರೆಯಾಗಿ ತೋರಿದರೆ ಅದು ಸಂಸೃಷ್ಟಿ. ಹಾಲೂ ನೀರೂ ಬೆರೆತಂತೆ ವಿಂಗಡಿಸಲಾಗದಿದ್ದರೆ ಅದು ಸಂಕರ. ಸಂಗೀತಕ್ಕೂ ಈ ವಿವೇಚನೆಯು ಸಲ್ಲತಕ್ಕದ್ದು. ದೂರದೇಶಗಳ ಗಾನಗಳನ್ನು ಒಂದುಗೂಡಿಸುವುದು ಈಗ ಸಾಮಾನ್ಯವಾಗಿದ್ದರೂ ಅಂತಹವುಗಳಲ್ಲಿ ಎಳ್ಳಕ್ಕಿಯ ಕೂಟಗಳೇ ಹೆಚ್ಚು. ಹಾಲುನೀರಿನ ಕೂಟಕ್ಕೆ ಎಷ್ಟು ಸಾಧನೆ ಬೇಕೆಂಬುದನ್ನು ಪಾಲ್ ಪೀನಾ ಎಂಬ ಅಂಧಗಾಯಕನ ಚರಿತ್ರೆಯು ತಿಳಿಸುತ್ತದೆ.

ಟುವಾ ಎಂಬುದು ಮಂಗೋಲಿಯಾಕ್ಕೆ ಉತ್ತರದಲ್ಲಿ, ಯೆನಿಸೇ ನದಿಯ ಉಗಮಪ್ರಾಂತದಲ್ಲಿ, ಪರ್ವತಗಳಿಂದ ಆವೃತವಾಗಿರುವ ಸೀಮೆ. 1921ರಲ್ಲಿ ಅದು ಪ್ರತ್ಯೇಕ ಗಣರಾಜ್ಯವಾಯಿತು. 1944ರಲ್ಲಿ ಸೋವಿಯೆಟ್ ಒಕ್ಕೂಟದಲ್ಲಿ ಸೇರಿತು. ಈಗ ರಷ್ಯಾದ ಅಂಗವಾಗಿದೆ. ಕುದುರೆ ಕುರಿಗಳ ಮಂದೆಗಳೊಡನೆ ಅಲೆದಾಡುತ್ತಿದ್ದ ಅಲ್ಲಿನ ಜನರು ಒಂದು ವಿಚಿತ್ರವಾದ ಗಾನಕಲೆಯನ್ನು ಬೆಳೆಸಿರುವರು. ಒಬ್ಬನೇ ಗಾಯಕನು ಏಕಕಾಲದಲ್ಲಿ ಎರಡು ಸ್ವರಗಳನ್ನು ನುಡಿಸುವನು.

ಇದು ಇಂದ್ರಜಾಲವಲ್ಲ. ಚೆನ್ನಾಗಿ ಶ್ರುತಿಗೂಡಿಸಿದ ತಂಬೂರಿಯ ಮಂದ್ರ ತಂತಿಯನ್ನು ಮೀಟಿದರೆ ಷಡ್ಜದೊಳಗಿಂದ ಅಂತರಗಾಂಧಾರವು ತಾನಾಗಿಯೇ ಕೇಳಿಬರುವುದು ವಾಚಕರಿಗೆ ಪರಿಚಿತವಾದುದೇ. ಅಂತಹ ಸ್ವಯಂಭೂ ಸ್ವರಗಳು ಮನುಷ್ಯನ ಕಂಠದಲ್ಲಿಯೂ ಅಡಗಿರುವುವು. ಟುವಾದ ಗಾಯಕನು ನಾಲಗೆ ತುಟಿಗಳ ನಿಲುವನ್ನು ಮಾರ್ಪಡಿಸಿ ಅವುಗಳಲ್ಲಿ ಒಂದೊಂದನ್ನೇ ಎತ್ತಿ ಕೇಳಿಸುತ್ತಾನೆ. ಸಿಗಿತ್ ಎಂಬ ಪದ್ಧತಿಯಲ್ಲಿ ಆ ಸ್ವರವು ಸಿಳ್ಳಿನಂತೆ ಮೇಲೆ ಮೊಳಗುವುದು. ಕರ್ಗಿರಾ ಎಂಬ ಪದ್ಧತಿಯಲ್ಲಿ ಧ್ವನಿತಂತುಗಳ ಮೇಲಿರುವ ಮತ್ತೊಂದು ಜೊತೆ ಮಡಿಕೆಗಳೂ ಕಂಪಿಸುವುದರಿಂದ, ಹಾಡಿದ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗಿನ ಗಂಭೀರ ನಾದವು ಹೊರಡುವುದು.

ಇನ್ನು ಬ್ಲೂಸ್ ಎಂಬುದು ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಹುಟ್ಟಿದ ಗಾನ. 1865ರಲ್ಲಿ ದಾಸ್ಯವು ಕಾನೂನಿನಿಂದ ರದ್ದಾದರೂ ಆಫ್ರಿಕಮೂಲದ ಜನರ ಬವಣೆ ತೀರಲಿಲ್ಲ. ಹತ್ತಿಯ ಹೊಲಗಳ ಆ ದುಃಖವೇ ಈ ಗಾನದ ಸ್ಥಾಯಿಭಾವ. ಇದರಲ್ಲಿ ನಯವಾದ ಕಂಠಕ್ಕಿಂತ ಒರಟು ಕಂಠಕ್ಕೇ ಮನ್ನಣೆ ಹೆಚ್ಚು. ಊಳಿಡುವ ತೋಳವೆಂಬ ಅರ್ಥದ ‘ಹೌಲಿನ್ ವುಲ್ಫ್’ ಎಂಬ ಬಿರುದಿನಿಂದ ಪ್ರಸಿದ್ಧನಾದ ಗಾಯಕನ ಧ್ವನಿಯು ಕರ್ಗಿರಾ ನಾದಕ್ಕೆ ಬಹಳ ಸಮೀಪವಾದುದು. ಪರಸ್ಪರ ಸಂಪರ್ಕವೇ ಇಲ್ಲದ ಎರಡು ಜನಾಂಗಗಳು ಕಂಠದ ಒಂದೇ ಗುಹೆಯನ್ನು ಹೊಕ್ಕಿದ್ದುವು.

ಪೀನಾ 1950ರಲ್ಲಿ ಮಸಾಚುಸೆಟ್ಸ್ ಸಂಸ್ಥಾನದ ಹಯಾನಿಸ್ ಎಂಬಲ್ಲಿ ಜನಿಸಿದನು. ಆತನ ಪೂರ್ವಿಕರು ಕೇಪ್ ವರ್ಡ್ ದ್ವೀಪದವರು. ಹುಟ್ಟಿನೊಡನೆ ಬಂದ ನೇತ್ರರೋಗವು ಆತನ ದೃಷ್ಟಿಯನ್ನು ಅಪಹರಿಸಿತು. 1973ರಲ್ಲಿ ಆತನು ಸಿದ್ಧಪಡಿಸಿದ ‘ನ್ಯೂ ಟ್ರೇನ್’ ಎಂಬ ಧ್ವನಿಮುದ್ರಣವು ಹೊರಬೀಳಲು 2000ನೆಯ ಇಸವಿಯವರೆಗೂ ಕಾಯಬೇಕಾಯಿತು. ಅದರಲ್ಲಿದ್ದ ‘ಜೆಟ್ ಏರ್‌ಲೈನರ್’ ಎಂಬ ಗೀತವು ಮಾತ್ರ 1977ರಲ್ಲಿ ಸ್ಟೀವ್ ಮಿಲ್ಲರನ ತಂಡದ ಬಾಯಲ್ಲಿ ಲೋಕಪ್ರಿಯವಾಯಿತು. ಕರ್ತೃವನ್ನು ಬಲ್ಲವರು ವಿರಳ.

ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ವಾಸವಾಗಿದ್ದ ಆತನು 1984ರ ಡಿಸೆಂಬರಿನಲ್ಲಿ ಒಂದು ರಾತ್ರಿ ರೇಡಿಯೋವಿನಲ್ಲಿ ಕೊರಿಯನ್ ಭಾಷೆಯ ಪಾಠವನ್ನು ಹುಡುಕುತ್ತಿದ್ದಾಗ ಮಾಸ್ಕೋ ನಿಲಯದಿಂದ ಟುವಾದ ಗಾನವು ಕಿವಿಗೆ ಬಿದ್ದಿತು. ಅದರ ಧ್ವನಿಮುದ್ರಣವು ಕೈಗೆ ದೊರಕಲು ಏಳು ವರ್ಷ ಹಿಡಿಯಿತು. ಮುಂದೆ ಅದನ್ನೇ ಗುರುವಾಗಿ ಭಾವಿಸಿ, ಎಡೆಬಿಡದೆ ಕೇಳಿ, ಕಂಠವನ್ನು ಪಳಗಿಸಿಕೊಂಡನು. ಹಾಡಿನ ಅರ್ಥವನ್ನೂ ಅರಿಯಬೇಕೆಂಬ ಹಟ ಆತನದು. ಅದಕ್ಕಾಗಿ ಟುವನ್ ಪದಕ್ಕೆ ಒಂದು ನಿಘಂಟಿನಲ್ಲಿ ರಷ್ಯನ್ ಪದವನ್ನೂ, ಅದಕ್ಕೆ ಇನ್ನೊಂದರಲ್ಲಿ ಇಂಗ್ಲಿಷ್ ಪದವನ್ನೂ ಹುಡುಕಿದನು. ಅಕ್ಷರಗಳ ಆಕಾರವನ್ನು ಬೆರಳತುದಿಗೆ ಕಂಪನಗಳಿಂದ ತಿಳಿಸುವ ಆಪ್ಟಕಾನ್ ಎಂಬ ಯಂತ್ರವೇ ಆತನಿಗೆ ಕಣ್ಣು.

1993ರಲ್ಲಿ ಟುವಾದ ಶ್ರೇಷ್ಠ ಗಾಯಕ ಕೋಂಗರ್-ಓಲ್ ಒಂದಾರನು ಸ್ಯಾನ್ ಫ್ರಾನ್ಸಿಸ್ಕೋವಿಗೆ ಬಂದಿದ್ದಾಗ, ಪೀನಾ ಆತನೆದುರಿಗೆ ಕರ್ಗಿರಾ ಪದ್ಧತಿಯಲ್ಲಿ ಹಾಡಿದನು. ಅಂದಿನಿಂದ ಇಬ್ಬರೂ ಮಿತ್ರರಾದರು. 1995ರಲ್ಲಿ ಟುವಾದ ರಾಜಧಾನಿ ಕಿಜಿಲ್ ನಗರದ ಸ್ಪರ್ಧೆಯಲ್ಲಿ ಪೀನಾ ಕರ್ಗಿರಾ ವಿಭಾಗದ ಪ್ರಥಮ ಬಹುಮಾನವನ್ನೂ, ಶ್ರೋತೃಗಳ ಮೆಚ್ಚಿನ ಗಾಯಕನೆಂಬ ಮನ್ನಣೆಯನ್ನೂ ಪಡೆದನು. ಧ್ವನಿಯ ಗಾಂಭೀರ್ಯಕ್ಕಾಗಿ ಆ ಜನರು ಆತನನ್ನು ‘ಭೂಕಂಪ’ವೆಂದು ಕರೆದರು. ಈ ಪ್ರವಾಸವನ್ನು ಚಿತ್ರಿಸುವ ‘ಗೆಂಘಿಸ್ ಬ್ಲೂಸ್’ ಎಂಬ ಚಲನಚಿತ್ರವು 1999ರಲ್ಲಿ ಹೊರಬಂದಿತು. 2005ರಲ್ಲಿ ಪೀನಾ ತೀರಿಕೊಂಡನು. 2013ರಲ್ಲಿ ಒಂದಾರನೂ ಗತಿಸಿದನು.

‘ಕರ್ಗಿರಾ ಮೋನ್’ ಎಂಬುದು ಪೀನಾನ ಒಂದು ರಚನೆ. ಹೆಸರಿನ ಅರ್ಧಭಾಗ ಟುವಾದ್ದು. ನರಳುವಿಕೆಯೆಂಬ ಅರ್ಥದ ಉಳಿದರ್ಧವು ಬ್ಲೂಸಿನ ಹಳೆಯ ಮಾತು. ಹೆಸರಿನಲ್ಲಿ ಎಳ್ಳೂ ಅಕ್ಕಿಯೂ ಬೇರೆಯಾಗಿ ತೋರಿದರೂ ಕಂಠದಲ್ಲಿ ಅವು ಬೇರೆಯಾಗಿಲ್ಲ. ಪರರ ಗಾನದಿಂದ ಒಂದು ಬೆಡಗನ್ನು ಮಾತ್ರ ಕಿತ್ತು ತಂದು ತನ್ನದಕ್ಕೆ ಅಂಟಿಸಿಕೊಳ್ಳುವವನಿಗೆ ಇದು ಲಭಿಸತಕ್ಕದ್ದಲ್ಲ. ಪೀನಾ ಆ ಜನರ ನುಡಿಯನ್ನು ಕಲಿತನು, ಅವರ ಸಭೆಯಲ್ಲಿ ಅವರ ಪದ್ಧತಿಯಲ್ಲೇ ಪರೀಕ್ಷೆಗೆ ನಿಂತನು. ತನ್ನ ತಾಯ್ನೆಲದ ದುಃಖಗಾನವನ್ನೂ ಬಿಡಲಿಲ್ಲ. ಬೆರಕೆಯೆಂದರೆ ಕುಲಗೇಡೆಂದು ಭಯಪಡುವ ಹಿರಿಯರೂ, ಬೆರಕೆಯೆಂದರೆ ಸುಲಭವೆಂದು ಬಗೆಯುವ ಕಿರಿಯರೂ ಈ ಅಂಧನ ಎರಡು ನಿಘಂಟುಗಳನ್ನು ನೆನೆಯುವುದು ಒಳ್ಳೆಯದು.