ಸೈಬರ್‌ಸ್ಪೇಸ್: ಒಂದು ಪದದ ಪಯಣ

ರಜೆಯಲ್ಲಿ ಊರಿಗೆ ಹೋದಾಗ ಬಸ್ ನಿಲ್ದಾಣದ ಬಳಿ ‘ಸೈಬರ್ ಸೆಂಟರ್’ ಎಂಬ ಫಲಕ ಕಾಣುತ್ತೇವೆ. ಪತ್ರಿಕೆ ತೆರೆದರೆ ‘ಸೈಬರ್ ವಂಚನೆ’ಯ ಸುದ್ದಿ. ಸೈಬರ್ ಎಂದರೆ ಕಂಪ್ಯೂಟರ್ ಎಂದೇ ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಆದರೆ ಈ ಪದ ಬಂದದ್ದು ಕಂಪ್ಯೂಟರಿನಿಂದಲ್ಲ, ಹಡಗಿನಿಂದ!

ಪ್ರಾಚೀನ ಗ್ರೀಕರು ಹಡಗಿನ ಚುಕ್ಕಾಣಿ ಹಿಡಿಯುವವನನ್ನು ‘ಕ್ಯುಬರ್ನೇಟಿಸ್’ ಎನ್ನುತ್ತಿದ್ದರು. ತತ್ತ್ವಜ್ಞಾನಿ ಪ್ಲೇಟೋ ರಾಜ್ಯವನ್ನು ಹಡಗಿಗೆ ಹೋಲಿಸಿ, ಆಳಲು ತಕ್ಕವನು ನುರಿತ ಚುಕ್ಕಾಣಿಗನಂತಿರಬೇಕೆಂದ. ಈ ಪದವೇ ಲ್ಯಾಟಿನ್ನಿನಲ್ಲಿ ‘ಗುಬರ್ನಾಟೋರ್’ ಆಗಿ, ಫ್ರೆಂಚ್ ದಾಟಿ, ಇಂಗ್ಲಿಷಿನಲ್ಲಿ ‘ಗವರ್ನರ್’ ಆಯಿತು. ನಾವೂ ಕನ್ನಡದಲ್ಲಿ ‘ರಾಜ್ಯದ ಚುಕ್ಕಾಣಿ ಹಿಡಿದರು’ ಎನ್ನುವುದಿಲ್ಲವೇ?

1948ರಲ್ಲಿ ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ ಈ ಹಳೆಯ ಗ್ರೀಕ್ ಪದವನ್ನು ಮತ್ತೆ ಕೈಗೆತ್ತಿಕೊಂಡರು. ಪ್ರಾಣಿಗಳಲ್ಲೂ ಯಂತ್ರಗಳಲ್ಲೂ ನಡೆಯುವ ನಿಯಂತ್ರಣ ಮತ್ತು ಸಂವಹನದ ಶಾಸ್ತ್ರಕ್ಕೆ ‘ಸೈಬರ್ನೆಟಿಕ್ಸ್’ ಎಂದು ಹೆಸರಿಟ್ಟರು. ದಾರಿ ತಪ್ಪಿದ್ದನ್ನು ಗಮನಿಸಿ ಸರಿಪಡಿಸಿಕೊಳ್ಳುವುದೇ ಅದರ ತಿರುಳು. ನಮ್ಮ ಹೊಳೆಯ ಅಂಬಿಗನೂ ಮಾಡುವುದು ಅದನ್ನೇ.

ಅಲ್ಲಿಂದ ಪದ ವಿಜ್ಞಾನ ಕಥೆಗೆ ಹಾರಿತು. ವಿಲಿಯಂ ಗಿಬ್ಸನ್ ಅಮೆರಿಕದಲ್ಲಿ ಹುಟ್ಟಿ, ನಮ್ಮಂತೆಯೇ ತಾಯ್ನೆಲ ಬಿಟ್ಟು ಕೆನಡಾಕ್ಕೆ ಬಂದವರು. ‘ಸೈಬರ್ನೆಟಿಕ್ಸ್’ನ ತಲೆಯನ್ನಷ್ಟೇ ಕತ್ತರಿಸಿ ‘ಸ್ಪೇಸ್’ಗೆ ಅಂಟಿಸಿ, 1982ರ ‘ಬರ್ನಿಂಗ್ ಕ್ರೋಮ್’ ಕಥೆಯಲ್ಲಿ ‘ಸೈಬರ್‌ಸ್ಪೇಸ್’ ಪದವನ್ನು ಬಳಸಿದರು. 1984ರ ‘ನ್ಯೂರೋಮ್ಯಾನ್ಸರ್’ ಕಾದಂಬರಿ ಅದನ್ನು ಲೋಕಪ್ರಸಿದ್ಧಗೊಳಿಸಿತು. ಸೋಜಿಗವೆಂದರೆ, ಆ ಕಾದಂಬರಿಯನ್ನು ಅವರು ಬರೆದದ್ದು ಕಂಪ್ಯೂಟರಿನಲ್ಲಲ್ಲ, ಕೈಯಿಂದ ಕುಟ್ಟುವ ಟೈಪ್‌ರೈಟರಿನಲ್ಲಿ! ಕೇಳಲು ಸೊಗಸಾದರೂ ಹೆಚ್ಚು ಅರ್ಥವಿಲ್ಲದ ಪದವೆಂದೇ ಅದನ್ನು ಆರಿಸಿದ್ದಾಗಿ ಮುಂದೆ ಅವರೇ ಹೇಳಿಕೊಂಡರು.

1996ರಲ್ಲಿ ಜಾನ್ ಪೆರ್ರಿ ಬಾರ್ಲೊ ಎಂಬ ಅಮೆರಿಕದ ಬರಹಗಾರ ‘ಸೈಬರ್‌ಸ್ಪೇಸ್‌ನ ಸ್ವಾತಂತ್ರ್ಯ ಘೋಷಣೆ’ಯನ್ನು ಪ್ರಕಟಿಸಿ, ಅಲ್ಲಿ ಯಾವ ಸರ್ಕಾರದ ಅಧಿಕಾರವೂ ನಡೆಯದೆಂದು ಸಾರಿದರು. ಆದರೆ ಸರ್ಕಾರವೆಂಬ ಅರ್ಥದ ‘ಗವರ್ನಮೆಂಟ್’ ಮತ್ತು ‘ಸೈಬರ್’ ಒಂದೇ ಬೇರಿನ ಕವಲುಗಳು! ಚುಕ್ಕಾಣಿಗನೇ ಬೇಡವೆಂದ ಲೋಕದ ಹೆಸರಿನಲ್ಲೇ ಚುಕ್ಕಾಣಿಗ ಕುಳಿತಿದ್ದ.

ಓದುಗ ಬಂಧುಗಳೇ, ಊರಿನ ಅಜ್ಜಿ ಮೊಮ್ಮಕ್ಕಳ ಮುಖ ನೋಡುವುದು ಇಂದು ಈ ಕಡಲಿನಲ್ಲೇ. ಅದೇ ಅಜ್ಜಿಯ ಉಳಿತಾಯದ ಹಣಕ್ಕೆ ಬಲೆ ಬೀಸುವವರೂ ಇಲ್ಲೇ ಇದ್ದಾರೆ. ಇಲ್ಲಿ ಚುಕ್ಕಾಣಿ ಯಾರ ಕೈಯಲ್ಲಿದೆ, ಯಾರ ಕೈಯಲ್ಲಿರಬೇಕು ಎಂದು ನಮ್ಮ ಮಕ್ಕಳು ಕೇಳಿಕೊಳ್ಳಲಿ. ಆ ಪ್ರಶ್ನೆ ಪದದೊಳಗೇ ಇದೆ. ಬಿಡಿಸಿ ತೋರಿಸುವುದು ಹಿರಿಯರಾದ ನಮ್ಮ ಕೆಲಸ.